ಹೆರೊಡೊಟಸ್ಸಾ, ಮೆಗಸ್ತನೀಸಾ? ಒಂದು ವರ್ಷ ಕಳೆದುಕೊಂಡವನ ಉತ್ತರ

"ಎಂ.ಎ. ಪ್ರಬಂಧಕ್ಕೆ ಹೆರೊಡೊಟಸ್ ತಗೊಳ್ಳಲಾ, ಮೆಗಸ್ತನೀಸ್ ತಗೊಳ್ಳಲಾ? ಭಾರತದ ಬಗ್ಗೆ ಬರೆದ ಗ್ರೀಕರಲ್ಲಿ ಯಾರು ಹೆಚ್ಚು ನಂಬಿಕಸ್ತರು?" ಅಂತ ಕೇಳಿದ್ದೀರಿ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹನ್ನೊಂದು ವರ್ಷದ ಹಿಂದೆ ನನ್ನ ಎಂ.ಫಿಲ್. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದೇ ಪ್ರಶ್ನೆ ಇತ್ತು.

ನಾನು ಮೆಗಸ್ತನೀಸ್ ತಗೊಂಡೆ. ಅವನು ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದವನು, ಪಾಟಲಿಪುತ್ರವನ್ನು ಕಣ್ಣಾರೆ ಕಂಡವನು. ಕ್ರಿ.ಪೂ. 5ನೇ ಶತಮಾನದ ಇತಿಹಾಸಕಾರ ಹೆರೊಡೊಟಸ್ ಭಾರತದ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ಸಾಲದ್ದಕ್ಕೆ ನರಿಗಿಂತ ದೊಡ್ಡ, ನಾಯಿಗಿಂತ ಸಣ್ಣ ಇರುವೆಗಳು ನೆಲ ತೋಡಿ ಚಿನ್ನದ ಮರಳು ಹೊರಗೆ ಹಾಕುತ್ತವೆ, ಭಾರತೀಯರು ಬಿಸಿಲೇರಿದಾಗ ಒಂಟೆ ಕಟ್ಟಿಕೊಂಡು ಹೋಗಿ ಅದನ್ನು ಹೊತ್ತು ತರುತ್ತಾರೆ ಅಂತ ಬರೆದವನು. ಇಂಥವನನ್ನು ಯಾರು ನಂಬುತ್ತಾರೆ ಅನ್ನಿಸಿತು. ಇದೇ ಇರುವೆ ಕಥೆ ಮೆಗಸ್ತನೀಸನ ಹೆಸರಲ್ಲೂ ಇದೆ. ಅದನ್ನು ಮಾತ್ರ ಜಾಣತನದಿಂದ ಬಿಟ್ಟುಬಿಟ್ಟೆ.

ನನ್ನ ಮೂರನೇ ಅಧ್ಯಾಯದ ಹೆಸರು "ಮೌರ್ಯರ ಕಾಲದ ಭಾರತದಲ್ಲಿ ಗುಲಾಮಗಿರಿ ಇರಲಿಲ್ಲ". 38 ಪುಟ. ಬರೆದು ಮುಗಿಸಿದ ದಿನ ಗೆಳೆಯರಿಗೆ ಮಸಾಲೆ ದೋಸೆ ಕೊಡಿಸಿದ್ದೆ.

ವೈವಾಕ್ಕೆ ಬಂದ ಹೊರಗಿನ ಪರೀಕ್ಷಕರು ನಿವೃತ್ತರು, ಮೆತ್ತಗೆ ಮಾತಾಡುವವರು. ನನ್ನ ಪ್ರತಿಯ ಅಂಚಿನಲ್ಲಿ ಸಾಲಾಗಿ ಪೆನ್ಸಿಲ್ ಗೆರೆ ಎಳೆದಿದ್ದರು.

"'ಮೆಗಸ್ತನೀಸ್ ಹೇಳುತ್ತಾನೆ' ಅಂತ ಈ ಅಧ್ಯಾಯದಲ್ಲಿ ನಲವತ್ತೊಂದು ಸಲ ಬರೆದಿದ್ದೀರಿ. ಎಲ್ಲಿ ಹೇಳಿದ್ದಾನೆ?"

"ಇಂಡಿಕಾದಲ್ಲಿ ಸರ್."

"ಆ ಪುಸ್ತಕ ನೋಡಿದ್ದೀರಾ?"

"ನೋಡಿದ್ದೀನಿ ಸರ್. ನಮ್ಮ ಲೈಬ್ರರಿಯಲ್ಲೇ ಇದೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಈಗ ಇಡೀ ಲೋಕದಲ್ಲಿ ಅದನ್ನ ನೋಡಿರೋರು ನೀವೊಬ್ಬರೇ ಕಣ್ರೀ."

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಮೆಗಸ್ತನೀಸನ ಇಂಡಿಕಾ ಉಳಿದೇ ಇಲ್ಲ. ಯಾವತ್ತೋ ಕಳೆದುಹೋಗಿದೆ. ಅದನ್ನು ಓದಿದ ಬೇರೆಯವರು ತಮ್ಮ ಪುಸ್ತಕಗಳಲ್ಲಿ ತಮಗೆ ಬೇಕಾದಷ್ಟು ಎತ್ತಿ ಹಾಕಿಕೊಂಡದ್ದು ಮಾತ್ರ ನಮಗೆ ಸಿಕ್ಕಿದೆ. ಅವರಲ್ಲಿ ಮುಖ್ಯರು ಆಮೇಲಿನ ಗ್ರೀಕ್ ಲೇಖಕರಾದ ಡಯೋಡೋರಸ್, ಸ್ಟ್ರಾಬೊ, ಅರಿಯನ್. ಅರಿಯನ್ ಬರೆದದ್ದು ಕ್ರಿ.ಶ. 2ನೇ ಶತಮಾನದಲ್ಲಿ, ಅಂದರೆ ಮೆಗಸ್ತನೀಸ್ ಆಗಿ ನಾನೂರು ವರ್ಷದ ಮೇಲೆ. ಈ ಚೂರುಗಳನ್ನೆಲ್ಲ 1846ರಲ್ಲಿ ಶ್ವಾನ್‌ಬೆಕ್ ಎಂಬ ಜರ್ಮನ್ ವಿದ್ವಾಂಸ ಒಟ್ಟುಮಾಡಿದ. 1877ರಲ್ಲಿ ಮ್ಯಾಕ್‌ಕ್ರಿಂಡಲ್ ಇಂಗ್ಲಿಷಿಗೆ ತಂದ. ನಾನು ಓದಿದ್ದು ಅದನ್ನು. ರಟ್ಟು, ಮುನ್ನುಡಿ, ಪುಟಸಂಖ್ಯೆ ಎಲ್ಲ ಇರುವ ಪುಸ್ತಕ. ಪ್ರತಿ ಚೂರಿನ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಯಾರ ಪುಸ್ತಕದ ಎಷ್ಟನೇ ಅಧ್ಯಾಯದಿಂದ ತೆಗೆದದ್ದು ಅಂತ ಮುದ್ರಿಸಿತ್ತು. ನಾನದನ್ನು ಅಡಿಟಿಪ್ಪಣಿಯ ಹಾಗೆ ಏನೋ ಇರಬೇಕು ಅಂದುಕೊಂಡು ದಾಟಿ ಹೋದೆ. ಶಾಲೆಯಿಂದಲೂ "ಇಂಡಿಕಾ ಬರೆದವರು ಯಾರು?" ಅನ್ನೋ ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದು ಬಂದವನು. ಬರೆದವರಿದ್ದಾರೆ ಅಂದಮೇಲೆ ಪುಸ್ತಕ ಇರಲೇಬೇಕಲ್ವಾ!

ಸಣ್ಣ ಅಕ್ಷರ ಓದಿದ್ದರೆ ಅಧ್ಯಾಯ ಹುಟ್ಟುತ್ತಲೇ ಇರಲಿಲ್ಲ. ಅರಿಯನ್ ಹೇಳುವುದು ಹೀಗೆ: ಭಾರತೀಯರೆಲ್ಲ ಸ್ವತಂತ್ರರು, ಒಬ್ಬನೂ ಗುಲಾಮನಲ್ಲ. ತಮ್ಮವರನ್ನು ಗುಲಾಮರಾಗಿ ಇಟ್ಟುಕೊಳ್ಳದಿರುವುದರಲ್ಲಿ ಗ್ರೀಸಿನ ಸ್ಪಾರ್ಟಾದವರೂ ಹೀಗೇ. ಆದರೆ ಸ್ಪಾರ್ಟಾದವರಿಗೆ ಗುಲಾಮರ ಹಾಗೆ ದುಡಿಯುವ ಹೆಲಟ್ಟರಿದ್ದಾರೆ, ಭಾರತೀಯರಿಗೆ ಹೊರಗಿನವರು ಕೂಡ ಗುಲಾಮರಲ್ಲ. ನಾನು ಮೊದಲ ವಾಕ್ಯ ಎತ್ತಿಕೊಂಡು ಸ್ಪಾರ್ಟಾವನ್ನು ಕತ್ತರಿಸಿ ಎಸೆದಿದ್ದೆ. ಸ್ಟ್ರಾಬೊನಲ್ಲಂತೂ ಈ ಮಾತಿನ ಬೆನ್ನಿಗೇ ತಕರಾರು ಇದೆ. ಗುಲಾಮರಿಲ್ಲದಿರುವುದು ಮೂಸಿಕಾನಸ್ ಎಂಬ ರಾಜನ ನಾಡಿನಲ್ಲಿ ಮಾತ್ರ ಅಂತ ಅಲೆಕ್ಸಾಂಡರನ ಜೊತೆ ಬಂದಿದ್ದ ಒನೆಸಿಕ್ರಿಟಸ್ ಹೇಳುತ್ತಾನಂತೆ. ಇನ್ನೂ ನಾಲ್ಕು ಸಾಲು ಇಳಿದರೆ, ರಾಜನ ಮೈಗಾವಲಿಗೆ ಹೆಂಗಸರಿದ್ದರು, ಅವರನ್ನು ಅವರ ಅಪ್ಪಂದಿರಿಂದ ಕೊಂಡುಕೊಂಡು ತರುತ್ತಿದ್ದರು ಅಂತಿದೆ. ಚಂದ್ರಗುಪ್ತನ ಮೊಮ್ಮಗ ಅಶೋಕ ತನ್ನ ಒಂಬತ್ತನೇ ಬಂಡೆಶಾಸನದಲ್ಲಿ ದಾಸರನ್ನೂ ಆಳುಗಳನ್ನೂ ಚೆನ್ನಾಗಿ ನಡೆಸಿಕೊಳ್ಳಿ ಅನ್ನುತ್ತಾನೆ. ದಾಸರೇ ಇಲ್ಲದಿದ್ದರೆ ಈ ಬುದ್ಧಿವಾದ ಯಾರಿಗೆ?

ಅಧ್ಯಾಯ ತಿರಸ್ಕಾರವಾಯಿತು. ಮತ್ತೆ ಬರೆದು ಒಪ್ಪಿಸಲು ಒಂದು ವರ್ಷ. ಆ ವರ್ಷ ಕರೆದಿದ್ದ ಉಪನ್ಯಾಸಕರ ಹುದ್ದೆಗೆ ಸರ್ಟಿಫಿಕೇಟ್ ಇಲ್ಲದೆ ಅರ್ಜಿ ಹಾಕಲಾಗಲಿಲ್ಲ. ಇರಲಿ.

ಆಮೇಲೆ ಕೂತು ಆ ಸ್ಪಾರ್ಟಾ ವಾಕ್ಯವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅಲ್ಲಿ ಮಾತು ಪಾಟಲಿಪುತ್ರದ್ದು, ಕಣ್ಣು ಸ್ಪಾರ್ಟಾದ ಮೇಲೆ. ಅದಕ್ಕೇ ನಿಮ್ಮ "ಯಾರು ನಂಬಿಕಸ್ತರು" ಅನ್ನೋ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ನಿಜ ಒಂದು ಕಡೆ, ಸುಳ್ಳು ಒಂದು ಕಡೆ ಅಂತ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸೋಕೆ ಹೋದರೆ ಸಿಕ್ಕಿಬೀಳುತ್ತೀರಿ. ಒಂದು ಉದಾಹರಣೆ ಕೊಡುತ್ತೇನೆ. ಆಫ್ರಿಕಾವನ್ನು ಸುತ್ತಿ ಬಂದ ಫಿನೀಷಿಯನ್ ನಾವಿಕರು, ಆ ದಾರಿಯಲ್ಲಿ ಸೂರ್ಯ ನಮ್ಮ ಬಲಗಡೆಗಿದ್ದ ಅಂದರಂತೆ. ಹೆರೊಡೊಟಸ್ ಇದನ್ನು ಬರೆದು, ಬೇರೆಯವರು ನಂಬಲಿ, ನಾನಂತೂ ನಂಬಲ್ಲ ಅನ್ನುತ್ತಾನೆ. ಭೂಮಧ್ಯರೇಖೆ ದಾಟಿ ಆಫ್ರಿಕಾದ ದಕ್ಷಿಣ ತುದಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಸೂರ್ಯ ಬಲಕ್ಕೇ ಇರುತ್ತಾನೆ. ಅವನು ನಂಬದೆ ಬಿಟ್ಟ ಆ ಮಾತೇ ಇವತ್ತು ಆ ಪ್ರಯಾಣಕ್ಕೆ ಒಳ್ಳೇ ಸಾಕ್ಷಿ. ಈಗ ಇದನ್ನು ಯಾವ ಕಡೆಗೆ ಹಾಕುತ್ತೀರಿ?

ನನ್ನನ್ನು ಕೇಳಿದರೆ ಹೆರೊಡೊಟಸ್ಸೇ ಸರಿ. ಅವನ ಒಂಬತ್ತು ಪುಸ್ತಕಗಳೂ ಕೈಗೆ ಸಿಗುತ್ತವೆ, ನಡುವೆ ದಲ್ಲಾಳಿ ಇಲ್ಲ. ಆದರೆ ಭಾರತ ಬಿಡಿ. ಮದುವೆ ಆಲ್ಬಂ ಕೈಗೆ ಬಂದ ಕೂಡಲೇ ನಮ್ಮ ಮುಖ ಎಲ್ಲಿದೆ ಅಂತ ಹುಡುಕುತ್ತೇವಲ್ಲ, ನಾವೆಲ್ಲ ಗ್ರೀಕರನ್ನು ಓದುವುದು ಹಾಗೆ. ಮೂರನೇ ಪುಸ್ತಕದಲ್ಲಿ ನಮ್ಮ ಬಗ್ಗೆ ಇರುವುದು ನಾಲ್ಕಾರು ಪುಟ. ಈಜಿಪ್ಟಿಗೆ ಎರಡನೇ ಪುಸ್ತಕ ಪೂರ್ತಿ ಇದೆ. ಈಜಿಪ್ಟಿನ ದಕ್ಷಿಣ ಗಡಿಯ ಎಲಿಫೆಂಟೈನ್‌ವರೆಗೆ ಹೋಗಿ ಕಣ್ಣಾರೆ ನೋಡಿದೆ ಅನ್ನುತ್ತಾನೆ. ಹೋಗಿದ್ದನೋ ಇಲ್ಲವೋ ಅಂತ ಪಂಡಿತರು ಇನ್ನೂ ಜಗಳ ಆಡುತ್ತಿದ್ದಾರೆ, ಆಡಲಿ ಬಿಡಿ.

ಆ ಪುಸ್ತಕದ 35, 36ನೇ ಭಾಗ ತೆಗೆಯಿರಿ. ಈಜಿಪ್ಟಿನಲ್ಲಿ ಹೆಂಗಸರು ಸಂತೆಗೆ ಹೋಗಿ ವ್ಯಾಪಾರ ಮಾಡುತ್ತಾರೆ, ಗಂಡಸರು ಮನೆಯಲ್ಲಿ ಕೂತು ನೇಯುತ್ತಾರೆ. ಗಂಡಸರು ಹೊರೆ ಹೊರುವುದು ತಲೆ ಮೇಲೆ, ಹೆಂಗಸರು ಹೆಗಲ ಮೇಲೆ. ಹಿಟ್ಟು ನಾದುವುದು ಕಾಲಲ್ಲಿ, ಮಣ್ಣು ಕಲಸುವುದು ಕೈಯಲ್ಲಿ. ಎಲ್ಲ ಉಲ್ಟಾ! ಪ್ರತಿ ಸಾಲಿನ ಹಿಂದೆಯೂ ಒಂದು ಗ್ರೀಕ್ ಮನೆ ಇದೆ. ನಮ್ಮೂರ ಕಡೆ ಹೆಂಗಸರು ಬಿಂದಿಗೆಯನ್ನು ಸೊಂಟದ ಮೇಲೆ ಹೊರುವುದು ನೋಡಿದ್ದರೆ ಪಾಪ ಯಾವ ಪಟ್ಟಿಗೆ ಸೇರಿಸುತ್ತಿದ್ದನೋ.

ಇಷ್ಟೇ ಆಗಿದ್ದರೆ ನಾನು ಅವನನ್ನು ಶಿಫಾರಸು ಮಾಡುತ್ತಿರಲಿಲ್ಲ. ಅಲ್ಲೇ ಮುಂದೆ ಬರವಣಿಗೆಯ ಮಾತು ಬರುತ್ತದೆ. ಗ್ರೀಕರು ಎಡದಿಂದ ಬಲಕ್ಕೆ ಬರೆಯುತ್ತಾರೆ, ಈಜಿಪ್ಟಿನವರು ಬಲದಿಂದ ಎಡಕ್ಕೆ. ಹಾಗೆ ಬರೆಯುತ್ತಲೇ ಅವರು, ಬಲಕ್ಕೆ ಬರೆಯೋರು ನಾವು, ಎಡಕ್ಕೆ ಬರೆಯೋರು ಗ್ರೀಕರು ಅನ್ನುತ್ತಾರಂತೆ! ಅದೇ ಪುಸ್ತಕದ 158ರಲ್ಲಿ, ತಮ್ಮ ಭಾಷೆ ಆಡದವರನ್ನೆಲ್ಲ ಈಜಿಪ್ಟಿನವರು ಬರ್ಬರರು (ಗ್ರೀಕರು ಹೊರಗಿನವರಿಗೆ ಇಟ್ಟ ಹೆಸರು) ಅನ್ನುತ್ತಾರೆ ಅಂತ ಬರೆದಿದ್ದಾನೆ. ಅಂದರೆ ಅವರ ಲೆಕ್ಕದಲ್ಲಿ ಗ್ರೀಕನೂ ಬರ್ಬರ. ಗ್ರೀಕರು ಉಳಿದವರನ್ನೆಲ್ಲ ಕೀಳಾಗಿ ಕಂಡರು ಅಂತ ಒಂದೇ ಏಟಿಗೆ ಮುಗಿಸಿಬಿಡುವ ಪ್ರಬಂಧಗಳು ಬೇಕಾದಷ್ಟಿವೆ. ದಯವಿಟ್ಟು ಇನ್ನೊಂದು ಬರೆಯಬೇಡಿ. ಇದೇ ಹೆರೊಡೊಟಸ್‌ನನ್ನು ಮುಂದೆ ಗ್ರೀಕ್ ಲೇಖಕ ಪ್ಲುಟಾರ್ಕ್ ಬರ್ಬರಪ್ರೇಮಿ ಅಂತ ಬೈದಿದ್ದಾನೆ.

ನಿಮ್ಮ ಗೈಡ್ ಭಾರತ ಇರಲೇಬೇಕು ಅಂದರೆ ಅರಿಯನ್‌ನ ಇಂಡಿಕಾದ (ಅವನ ಪುಸ್ತಕಕ್ಕೂ ಅದೇ ಹೆಸರು) ಹತ್ತನೇ ಅಧ್ಯಾಯವನ್ನೂ ಸ್ಟ್ರಾಬೊನ ಹದಿನೈದನೇ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಬರೆಯುವಾಗ "ಮೆಗಸ್ತನೀಸ್ ಹೀಗೆ ಹೇಳುತ್ತಾನೆ ಅಂತ ಸ್ಟ್ರಾಬೊ ಹೇಳುತ್ತಾನೆ" ಅಂತ ಪ್ರತಿ ಸಲವೂ ಪೂರ್ತಿ ಬರೆಯಿರಿ. ಉದ್ದ ಆಗುತ್ತದೆ. ಡಿಟಿಪಿಯವರು ಪುಟದ ಲೆಕ್ಕದಲ್ಲಿ ಜಾಸ್ತಿ ಕೇಳುತ್ತಾರೆ, ಕೊಟ್ಟುಬಿಡಿ.