ಪ್ರಶ್ನೋತ್ತರ: ಇಗ್ವಾನಾಕ್ಕೆ ಯಾವ ಸೊಪ್ಪು?

ಪ್ರಶ್ನೆ: ನಮ್ಮ ಹಸಿರು ಇಗ್ವಾನಾಕ್ಕೆ (ಹಲ್ಲಿಯ ಜಾತಿಯ ದೊಡ್ಡ ಸರೀಸೃಪ) ಎರಡು ವರ್ಷ. ಪಾಲಕ್, ಸೌತೆಕಾಯಿ, ಆಗಾಗ ಬೇಯಿಸಿದ ಮೊಟ್ಟೆ ಕೊಡುತ್ತೇವೆ. ಗಾಜಿನ ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟಿದ್ದೇವೆ. ತೊಡೆಗಳು ದುಂಡಗೆ ತುಂಬಿಕೊಂಡಿವೆ. ಆದರೆ ಈಚೆಗೆ ಬೆರಳುಗಳು ಅದುರುತ್ತಿವೆ. ಆಹಾರದಲ್ಲಿ ಕೊರತೆಯಿದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಇದೆ. ಅದುರುವ ಬೆರಳು ಮತ್ತು ಉಬ್ಬಿದ ತೊಡೆ ಒಟ್ಟಿಗೆ ಕಂಡಾಗ ಮೊದಲು ಅನುಮಾನಿಸಬೇಕಾದುದು ಕ್ಯಾಲ್ಸಿಯಂ ಕೊರತೆಯಿಂದ ಬರುವ ಮೂಳೆ ರೋಗವನ್ನು. ಆ ದುಂಡುತನವನ್ನು ಪುಷ್ಟಿಯೆಂದು ತಿಳಿಯುವವರು ಬಹಳ. ಮೂಳೆ ಮೆತ್ತಗಾದಾಗ ಅದರ ಸುತ್ತ ನಾರಿನಂಥ ಅಂಗಾಂಶ ಬೆಳೆದು ಕಾಲು ಹಾಗೆ ಕಾಣುತ್ತದೆ. ತಡಮಾಡದೆ ಸರೀಸೃಪಗಳನ್ನು ನೋಡುವ ಪಶುವೈದ್ಯರಲ್ಲಿ ಎಕ್ಸ್‌ರೇ ಮಾಡಿಸಿ. ಈ ಹಂತದಲ್ಲಿ ಆಹಾರದ ಬದಲಾವಣೆಯೊಂದೇ ಸಾಲದು.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬದುಕುವ ಈ ಪ್ರಾಣಿಯ ಮುಖ್ಯ ಆಹಾರ ಎಲೆ. ಅದರ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಹುಳಿಯಿಸಿ ಪೋಷಕಾಂಶವಾಗಿಸುತ್ತವೆ. ಮೊಟ್ಟೆ, ಮಾಂಸ, ನಾಯಿಯ ಆಹಾರಗಳು ಅದಕ್ಕೆ ಹೊಂದುವುದಿಲ್ಲ. ಹೆಚ್ಚಾದ ಪ್ರೋಟೀನು ಯೂರಿಕ್ ಆಮ್ಲವಾಗಿ ಕಾಲಕ್ರಮೇಣ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೊಟ್ಟೆಯನ್ನು ಇಂದೇ ನಿಲ್ಲಿಸಿ.

ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರ ಆಕ್ಸಲೇಟ್ ಅದನ್ನು ಕಟ್ಟಿಹಾಕುವುದರಿಂದ ದೇಹಕ್ಕೆ ದಕ್ಕುವುದು ಅಲ್ಪ. ಹರಿವೆ, ದಂಟು, ಬೀಟ್‌ರೂಟ್ ಸೊಪ್ಪುಗಳೂ ನಿತ್ಯಕ್ಕೆ ಸಲ್ಲವು. ಸೌತೆಕಾಯಿ ಬಹುಪಾಲು ನೀರು. ಒಟ್ಟು ಆಹಾರದಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ (ಫಾಸ್ಫರಸ್) ಸುಮಾರು ಎರಡು ಪಟ್ಟು ಇರಬೇಕು. ಇದಕ್ಕಾಗಿ ವಿದೇಶಿ ಸೊಪ್ಪು ಹುಡುಕಬೇಕಾಗಿಲ್ಲ: ನುಗ್ಗೆ ಸೊಪ್ಪು, ಹಿಪ್ಪುನೇರಳೆ ಎಲೆ, ದಾಸವಾಳದ ಎಲೆ ಮತ್ತು ಹೂವು, ಸಾಸಿವೆ ಸೊಪ್ಪು, ಕುದುರೆ ಮಸಾಲೆ (ಲೂಸರ್ನ್ ಎಂಬ ಮೇವಿನ ಸೊಪ್ಪು) ಇವುಗಳಲ್ಲಿ ಮೂರು ನಾಲ್ಕನ್ನು ಬೆರೆಸಿ, ಸಣ್ಣಗೆ ಹೆಚ್ಚಿ, ಬೆಳಿಗ್ಗೆಯೇ ಕೊಡಿ, ಜೀರ್ಣವಾಗಲು ಹಗಲಿನ ಶಾಖ ಬೇಕು. ಮೇಲೆ ತುರಿದ ಸಿಹಿಗುಂಬಳ ಅಥವಾ ಹುರುಳಿಕಾಯಿ ಸ್ವಲ್ಪ ಸಾಕು. ಹಿಪ್ಪುನೇರಳೆ ತೋಟದಿಂದ ತರುವುದಾದರೆ ಔಷಧ ಸಿಂಪಡಿಸಿಲ್ಲವೆಂದು ಕೇಳಿ ಖಚಿತಪಡಿಸಿಕೊಳ್ಳಿ. ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿಯ ಪ್ರಮಾಣವನ್ನು ವೈದ್ಯರೇ ಹೇಳಲಿ.

ಇನ್ನು ಕಿಟಕಿಯ ವಿಷಯ. ಕ್ಯಾಲ್ಸಿಯಂ ಹೀರಿಕೊಳ್ಳಲು ಬೇಕಾದ ಡಿ3 ಜೀವಸತ್ವವನ್ನು ಇಗ್ವಾನಾದ ಚರ್ಮ ತಯಾರಿಸುವುದು ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣದಿಂದ, ಮತ್ತು ಆ ಕಿರಣವನ್ನು ಗಾಜು ಬಹುಮಟ್ಟಿಗೆ ತಡೆಯುತ್ತದೆ. ಅಷ್ಟೇ ಅಲ್ಲ, ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಒಳಗೇ ಕಾದು ಪ್ರಾಣಿಯ ಜೀವಕ್ಕೆ ಎರವಾಗಬಹುದು. ತಂತಿಜಾಲದ ಗೂಡಿನಲ್ಲಿ, ಒಂದು ಬದಿಗೆ ನೆರಳಿರುವಂತೆ, ಎಳೆಬಿಸಿಲು ಕಾಯಿಸಿ. ಇಲ್ಲವೇ ಯುವಿಬಿ ದೀಪ ಹಾಕಿ. ಆ ದೀಪ ಉರಿಯುತ್ತಿದ್ದರೂ ತಿಂಗಳುಗಳು ಕಳೆದಂತೆ ಅದರ ಕಿರಣ ಕುಂದುವುದರಿಂದ ತಯಾರಕರು ಹೇಳಿದ ಅವಧಿಗೆ ಬದಲಿಸಬೇಕು.

ಪ್ರಶ್ನೆ: ನಮ್ಮದು ಬಾಳೆಹಣ್ಣು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಬಾಳೆಹಣ್ಣಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಹೆಚ್ಚು. ಹಣ್ಣು ಒಟ್ಟು ಆಹಾರದ ಹತ್ತನೆಯ ಒಂದು ಭಾಗವನ್ನು ಮೀರಬಾರದು. ಅದಕ್ಕೂ ಅಂಜೂರವೋ ಪಪ್ಪಾಯವೋ ಮೇಲು. ಹಠಾತ್ತನೆ ನಿಲ್ಲಿಸದೆ, ಕಿವುಚಿದ ಹಣ್ಣಿನಲ್ಲಿ ಸಣ್ಣಗೆ ಹೆಚ್ಚಿದ ಸೊಪ್ಪನ್ನು ಬೆರೆಸಿ, ದಿನ ಕಳೆದಂತೆ ಹಣ್ಣನ್ನು ಕಡಿಮೆ ಮಾಡಿ. ಕೆಂಪು ದಾಸವಾಳದ ಎಸಳನ್ನು ಮೇಲೆ ಉದುರಿಸಿದರೆ ಹೆಚ್ಚಿನವು ಬಾಯಿ ಹಾಕುತ್ತವೆ. ಬೆಣ್ಣೆಹಣ್ಣನ್ನು ಮಾತ್ರ ಎಂದೂ ಕೊಡಬೇಡಿ.