ಹೆಲ್ಮೆಟ್ಟಿಗೊಂದು ಕುಪ್ಪಸ

ಓದುಗರ ಪ್ರಶ್ನೆ, ಸವಾರಿ ಬಲ್ಲವರ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಕುದುರೆ ಸವಾರಿಯ ಹೆಲ್ಮೆಟ್ ಮೇಲಿನ ಬಟ್ಟೆಯ ಕವರ್ ಬಗ್ಗೆಯೇ ಇವೆ. ತಡಿ, ರಿಕಾಪು, ಲಾಳದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇವೆ.

ಮಗಳು ಸವಾರಿ ಕಲಿಯಲಿಕ್ಕೆ ಹೋಗುತ್ತಾಳೆ. ಫೋಟೋಗಳಲ್ಲಿ ಕೆಲವರು ಕವರಿನ ಪೀಕ್ (ಹಣೆಯ ಮುಂದೆ ಚಾಚುವ ಅಂಚು) ಮೇಲಕ್ಕೆ ಮಡಚಿರುತ್ತಾರೆ, ಕೆಲವರು ಕೆಳಗೆ ಬಿಟ್ಟಿರುತ್ತಾರೆ, ಇನ್ನು ಕೆಲವರಿಗೆ ಕವರೇ ಇಲ್ಲ. ಈಗ ಯಾವುದು ಚಾಲ್ತಿ?
— ಟಿಳಕವಾಡಿ, ಬೆಳಗಾವಿ

ಮೂರೂ ಚಾಲ್ತಿಯಲ್ಲೇ ಇವೆ. ಆದರೆ ಮೂರೂ ಬೇರೆ ಬೇರೆ ಆಟದವು, ಅಲ್ಲಿಯೇ ಗೊಂದಲ.

ಕವರ್ ಹುಟ್ಟಿದ್ದು ರೇಸಿನಲ್ಲಿ. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಜಾಕಿ ಕ್ಲಬ್ ಎಂಬ ರೇಸ್ ಸಂಸ್ಥೆ 1762ರಲ್ಲಿ ಕುದುರೆ ಮಾಲೀಕರು ಸವಾರರಿಗೆ ತೊಡಿಸುವ ಬಣ್ಣಗಳನ್ನು ದಾಖಲಿಸಲು ಶುರುಮಾಡಿತು. ದೂರದಿಂದ ಯಾರ ಕುದುರೆ ಎಂದು ಗುರುತಾಗಬೇಕು, ಅಷ್ಟೇ ಉದ್ದೇಶ. ಒಬ್ಬನೇ ಮಾಲೀಕನ ಎರಡು ಕುದುರೆ ಒಂದೇ ರೇಸಿನಲ್ಲಿದ್ದರೆ ಅಂಗಿ ಒಂದೇ ಇಟ್ಟು ಟೋಪಿಯ ಬಣ್ಣ ಬದಲಿಸುವ ರೂಢಿ ಅಲ್ಲಿಂದ ಬಂದದ್ದು. ಜಾಕಿಯ, ಅಂದರೆ ರೇಸ್ ಸವಾರನ, ತಲೆಯ ಮೇಲಿರುವುದು ಸ್ಕಲ್ ಕ್ಯಾಪ್: ಬೋಗುಣಿ ಕವುಚಿದಂತೆ ಗುಂಡಗೆ, ಪೀಕ್ ಇಲ್ಲದ್ದು. ಪೀಕ್ ಏನಿದ್ದರೂ ಬಟ್ಟೆಯ ಕವರಿನದು.

ಜಾಕಿ ಅದನ್ನು ಮೇಲಕ್ಕೆ ಮಡಚಲು ಕಾರಣವಿದೆ. ಆತ ಕುದುರೆಯ ಕುತ್ತಿಗೆಯ ಮೇಲೆ ಬಾಗಿರುತ್ತಾನೆ, ಮುಖ ನೆಲದ ಕಡೆ. ಮುಂದೆ ನೋಡಬೇಕಾದರೆ ಕಣ್ಣು ಹುಬ್ಬಿನ ಕಡೆಗೆ ಏರಬೇಕು. ಅಲ್ಲಿ ಪೀಕ್ ಅಡ್ಡ ಬಂದರೆ ಮುಂದಿನ ಕುದುರೆಯ ಕಾಲು ಮಾತ್ರ ಕಾಣುತ್ತದೆ, ತೆರಪು ಕಾಣುವುದಿಲ್ಲ. ನಿಮ್ಮ ಮಗಳು ಕೂರುವುದು ಬೆನ್ನು ನೆಟ್ಟಗೆ ಮಾಡಿ. ಅವಳಿಗೆ ಪೀಕ್ ಕೆಳಗಿದ್ದರೆ ಬೆಳಗಿನ ಓರೆ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ಮೇಲೆ ಮಡಚಿದರೆ ಫೋಟೋ ಚೆನ್ನಾಗಿ ಬರುತ್ತದೆ, ಲಾಭ ಅಷ್ಟೇ.

ಎರಡನೆಯದು ಕ್ರಾಸ್ ಕಂಟ್ರಿ, ಅಂದರೆ ಬಯಲಿನಲ್ಲಿ ದಿಮ್ಮಿ, ಹಳ್ಳ ಜಿಗಿಸುವುದು. ಬ್ರಿಟನ್ನಿನ ನಿಯಮದಲ್ಲಿ ಇದಕ್ಕೆ ಗಟ್ಟಿ ಪೀಕ್ ಇರುವ ಹೆಲ್ಮೆಟ್ ನಿಷಿದ್ಧ. ಮುಖ ಅಡಿಯಾಗಿ ಬಿದ್ದಾಗ ಗಟ್ಟಿ ಪೀಕ್ ನೆಲಕ್ಕೆ ನಾಟಿ ಕುತ್ತಿಗೆಯನ್ನು ಹಿಂದಕ್ಕೆ ತಿರುಚುತ್ತದೆ, ಅದಕ್ಕೆ. ಹಾಗಾಗಿ ಇಲ್ಲೂ ಸ್ಕಲ್ ಕ್ಯಾಪ್, ಮೇಲೆ ಹಿಗ್ಗುವ ಬಟ್ಟೆಯಾದ ಲೈಕ್ರಾದ ಕವರ್. ಮೊದಲು ಕಪ್ಪು, ಗಾಢ ನೀಲಿ ಅಷ್ಟೇ ಇರುತ್ತಿದ್ದವು. ಆಮೇಲೆ ಅಂಗಿಗೂ ಕುದುರೆಯ ತಡಿಬಟ್ಟೆಗೂ ಹೊಂದುವ ಬಣ್ಣ, ನಕ್ಷತ್ರ, ಪಟ್ಟೆ, ನೆತ್ತಿಯ ಮೇಲೆ ತುಪ್ಪಟದ ಗೊಂಡೆ ಎಲ್ಲ ಬಂದವು.

ಕವರ್ ಇಲ್ಲದವರು ಜಂಪಿಂಗ್ ಮತ್ತು ಕುದುರೆಯನ್ನು ಹೇಳಿದ ಹೆಜ್ಜೆಯಲ್ಲಿ ನಡೆಸುವ ಡ್ರೆಸ್ಸಾಜ್‌ನವರು. ಒಂದು ಕಾಲಕ್ಕೆ ಮಖಮಲ್ಲಿನ ಟೋಪಿ, ಈಗ ನಡುವೆ ಗಾಳಿಪಟ್ಟಿ ಇರುವ ಹೆಲ್ಮೆಟ್. ಡ್ರೆಸ್ಸಾಜ್‌ನ ಎತ್ತರದ ಟಾಪ್ ಹ್ಯಾಟ್ ಕೂಡ 2021ರ ಜನವರಿಯಿಂದ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹೋಯಿತು, ಹೆಲ್ಮೆಟ್ ಕಡ್ಡಾಯವಾಯಿತು. ಮಗಳ ಹೆಲ್ಮೆಟ್ಟಿಗೆ ಗಟ್ಟಿ ಪೀಕ್ ಮತ್ತು ಗಾಳಿ ತೂತು ಇದ್ದರೆ ಕವರ್ ಬೇಡ. ಸ್ಕಲ್ ಕ್ಯಾಪ್ ಆದರೆ ಬೇಕು.

ನಾನು ಜಂಪರು (ಕುಪ್ಪಸ), ಕುಂಚಿಗೆ ಹೊಲಿಯುವಾಕೆ. ಸವಾರಿಯ ಸ್ಕಲ್ ಕ್ಯಾಪ್ ಒಂದಕ್ಕೆ ನಮ್ಮೂರ ಖಣದಲ್ಲಿ ಕವರ್ ಹೊಲಿದುಕೊಡಿ ಎಂದು ಕೇಳಿದ್ದಾರೆ. ಹೊಲಿದದ್ದು ಒಂದು ಬಿಗಿಯಾಗಿ ಹಿಡಿಯಲಿಲ್ಲ, ಇನ್ನೊಂದು ಮೊನೆ ಬಂತು. ಅಳತೆ ಹೇಗೆ?
— ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ

ಈ ತಿಂಗಳ ಪತ್ರಗಳಲ್ಲಿ ಮನಸ್ಸಿಗೆ ಹಿಡಿಸಿದ್ದು ಇದು. ಕೂಸಿನ ಕುಂಚಿಗೆ ಹೊಲಿದ ಕೈಗೆ ಇದು ಕಷ್ಟವಲ್ಲ. ತಪ್ಪಿದ್ದು ಎರಡು ಕಡೆ.

ಒಂದು, ತಲೆಯ ಅಳತೆ ತೆಗೆದುಕೊಂಡಿದ್ದೀರಿ ಎಂದು ಕಾಣುತ್ತದೆ. ಕವರಿಗೆ ಬೇಕಾದದ್ದು ಹೆಲ್ಮೆಟ್ಟಿನ ಹೊರ ಸುತ್ತಳತೆ. ಒಳಗಿನ ಥರ್ಮಾಕೋಲ್‌ನಂಥ ಪದರ ಮತ್ತು ಚಿಪ್ಪು ಸೇರಿ ಎರಡು ಸೆಂ.ಮೀ. ದಪ್ಪ ಇದ್ದರೂ ಸುತ್ತಳತೆ ಹನ್ನೆರಡೂವರೆ ಸೆಂ.ಮೀ. ಹೆಚ್ಚುತ್ತದೆ. 57ರ ತಲೆಗೆ 70ರ ಆಸುಪಾಸಿನ ಹೆಲ್ಮೆಟ್. ಟೇಪನ್ನು ಅತಿ ಅಗಲವಾದ ಗೆರೆಯ ಮೇಲೆ ಸುತ್ತಿ. ಆಮೇಲೆ ಅದೇ ಗೆರೆಯಿಂದ ನೆತ್ತಿ ದಾಟಿ ಹಿಂದಿನ ಗೆರೆಯವರೆಗೆ ಒಂದು ಅಳತೆ, ಕಿವಿಯಿಂದ ಕಿವಿಗೆ ಇನ್ನೊಂದು.

ಸುತ್ತಳತೆ 72, ನೆತ್ತಿಯ ಮೇಲಿನ ಅಳತೆ 36 ಎಂದಿಟ್ಟುಕೊಳ್ಳಿ. ಆರು ಎಸಳು ಬೇಕು. ಒಂದೊಂದರ ಬುಡ 12, ಉದ್ದ 18 ಸೆಂ.ಮೀ. ನೀವು ಬುಡದಿಂದ ತುದಿಗೆ ನೇರ ಗೆರೆ ಎಳೆದು ತ್ರಿಕೋನ ಕತ್ತರಿಸಿರುತ್ತೀರಿ, ಅದಕ್ಕೇ ಮೊನೆ ಬಂದದ್ದು. ಎಸಳಿನ ಬದಿ ಹೊರಕ್ಕೆ ಬಾಗಬೇಕು: ಬುಡದಿಂದ 9 ಸೆಂ.ಮೀ. ಮೇಲೆ ಅಗಲ ಎಂಟೂವರೆ, ಹದಿಮೂರೂವರೆ ಸೆಂ.ಮೀ. ಮೇಲೆ ನಾಲ್ಕೂವರೆ, ತುದಿಯಲ್ಲಿ ಸೊನ್ನೆ. ಈ ಬಿಂದುಗಳನ್ನು ಕೈಯಿಂದ ಸೇರಿಸಿ ಕಾಗದದಲ್ಲಿ ನಕ್ಷೆ ತೆಗೆಯಿರಿ, ಸುತ್ತಲೂ ಹೊಲಿಗೆಗೆ 1 ಸೆಂ.ಮೀ. ಬಿಡಿ. ಮುಂದೆ-ಹಿಂದಿನ ಅಳತೆ ಕಿವಿ-ಕಿವಿ ಅಳತೆಗಿಂತ 2 ಸೆಂ.ಮೀ. ಹೆಚ್ಚಿದ್ದರೆ ಮುಂದಿನ ಮತ್ತು ಹಿಂದಿನ ಎಸಳನ್ನು ಒಂದೊಂದು ಸೆಂ.ಮೀ. ಉದ್ದ ಮಾಡಿ. ಮೊದಲು ಹಳೆಯ ಪಂಚೆಯಲ್ಲಿ ಒಂದು ಹೊಲಿದು ತೊಡಿಸಿ ನೋಡಿ. ಖಣ ಕತ್ತರಿಸಿದ ಮೇಲೆ ತಿದ್ದಲಾಗದು.

ಎರಡನೆಯದು ಹಿಡಿತ. ಖಣ ಹಿಗ್ಗುವ ಬಟ್ಟೆಯಲ್ಲ. ಅಂಗಡಿಯ ಕವರ್ ಬಿಗಿಯಾಗಿ ಕೂರುವುದು ಲೈಕ್ರಾದಿಂದ. ಆದ್ದರಿಂದ ಎಸಳು ಖಣದ್ದಿರಲಿ, ಬುಡದ ಪಟ್ಟಿ ಲೈಕ್ರಾದ್ದಿರಲಿ. 62 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಪಟ್ಟಿಯನ್ನು ಎಳೆದು ಖಣದ ಬುಡಕ್ಕೆ ಜೋಡಿಸಿ. ಜೋಡಣೆಗೆ 1, ಇಲಾಸ್ಟಿಕ್ ನೇಫಿಗೆ 2 ಹೋದರೆ 4 ಸೆಂ.ಮೀ. ಉಳಿಯುತ್ತದೆ. ಅದು ಅಗಲದ ಗೆರೆ ದಾಟಿ ಅಂಚಿನ ಕೆಳಗೆ ಒಳಕ್ಕೆ ತಿರುಗಬೇಕು. 8 ಮಿ.ಮೀ. ಅಗಲದ ಇಲಾಸ್ಟಿಕ್ 56 ಸೆಂ.ಮೀ.ನಿಂದ ಶುರುಮಾಡಿ, ಸಡಿಲವಾದರೆ ಒಂದೊಂದೇ ಸೆಂ.ಮೀ. ಕಡಿಮೆ ಮಾಡುತ್ತ ಬನ್ನಿ. ಅತಿ ಬಿಗಿಯಾದರೆ ಕವರ್ ನುಣುಪಾದ ಚಿಪ್ಪಿನ ಮೇಲೆ ಹತ್ತಿಕೊಂಡು ಹೋಗಿ ಟಪ್ಪೆಂದು ಕಳಚುತ್ತದೆ. ಗಲ್ಲದ ಪಟ್ಟಿ ಹೊರಬರುವ ಜಾಗ ಬಟ್ಟೆಯಡಿ ಸಿಗಬಾರದು.

ನೆತ್ತಿಯಲ್ಲಿ ಆರು ಹೊಲಿಗೆ ಕೂಡಿದರೆ ಕಡಲೆಕಾಳಿನಷ್ಟು ಗಂಟಾಗುತ್ತದೆ. ಕೊನೆಯ 1 ಸೆಂ.ಮೀ. ಹೊಲಿಯದೆ ಬಿಟ್ಟು, ಹೊಲಿಗೆಯ ಅಂಚುಗಳನ್ನು ಇಕ್ಕೆಲಕ್ಕೂ ತೆರೆದು ಇಸ್ತ್ರಿ ಮಾಡಿ, ಮೇಲೆ 3 ಸೆಂ.ಮೀ. ವೃತ್ತದ ತೇಪೆ ಹಾಕಿ. ಖಣದ ಎಳೆ ಬೇಗ ಬಿಚ್ಚುವುದರಿಂದ ಒಳಗೆ ತೆಳು ಅಸ್ತರಿ ಬೇಕು. ಜರಿ ಇದ್ದರೆ ಎಸಳಿನಿಂದ ಹೊರಗೇ ಇರಲಿ. ಹೆಲ್ಮೆಟ್ಟಿನ ಮೇಲ್ಮೈ ನೆಲಕ್ಕೆ ತಾಗಿದಾಗ ಜಾರಬೇಕು, ಕಚ್ಚಿಕೊಂಡು ನಿಲ್ಲಬಾರದು. ನಿಂತರೆ ತಲೆ ತಿರುಚುತ್ತದೆ. ಇದೇ ಕಾರಣಕ್ಕೆ ಕನ್ನಡಿ, ಮಣಿ, ಕವಡೆ ಬೇಡ, ಎಷ್ಟು ಚೆಂದ ಕಂಡರೂ.

ಪೀಕ್ ಬೇಕೆಂದರೆ 18 ಸೆಂ.ಮೀ. ಅಗಲ, 5 ಸೆಂ.ಮೀ. ಚಾಚು, ಎರಡು ಪದರದ ನಡುವೆ 3 ಮಿ.ಮೀ. ಮೆತ್ತನೆಯ ಫೋಮ್. ಹಳೇ ಎಕ್ಸ್-ರೇ ಫಿಲ್ಮ್ ತುರುಕುವ ರೂಢಿ ದರ್ಜಿಗಳಲ್ಲಿದೆ. ಇಲ್ಲಿ ಬೇಡ, ಅದು ಮುರಿದರೆ ಬ್ಲೇಡಿನಂತೆ. ರಟ್ಟು ಒಂದೇ ಮಳೆಗೆ ಮುದ್ದೆ. ಎರಡು ಬೆರಳಲ್ಲಿ ಒತ್ತಿದರೆ ಪೀಕ್ ಪೂರ್ತಿ ಮಡಚಬೇಕು, ಅದೇ ಪರೀಕ್ಷೆ.

ಗೊಂಡೆ ಇರುವ ಕವರ್ ತರಿಸಿದೆ. ತರಬೇತುದಾರರು ಗೊಂಡೆ ಕಿತ್ತುಹಾಕು ಎನ್ನುತ್ತಾರೆ. ಅದರಿಂದೇನು ಅಪಾಯ?
— ಗೋಕಾಕ

ಗೊಂಡೆಯಿಂದಲ್ಲ, ಅದರ ಬುಡದಿಂದ. ಗಿಡದ ಕೊಂಬೆಗೆ ಸಿಕ್ಕರೆ ಗೊಂಡೆ ಕಿತ್ತು ಬರಬೇಕು, ತಲೆ ಹಿಂದಕ್ಕೆ ಜಗ್ಗಬಾರದು. ಈಗ ಮಾರುಕಟ್ಟೆಯಲ್ಲಿರುವ ಬಿಡಿ ಗೊಂಡೆಗಳಿಗೆ ಒತ್ತುಗುಂಡಿ ಇರುತ್ತದೆ. ಆ ಗುಂಡಿ ಲೋಹದ್ದಾಗಿದ್ದು ಹೆಲ್ಮೆಟ್ ಚಿಪ್ಪಿಗೂ ಬಟ್ಟೆಗೂ ನಡುವೆ ಕುಳಿತಿದ್ದರೆ, ಬಿದ್ದಾಗ ಪೆಟ್ಟು ಅಗಲವಾಗಿ ಹರಡದೆ ಆ ಒಂದು ಬಿಂದುವಿಗೆ ಬೀಳುತ್ತದೆ. ಗುಂಡಿ ಬಿಚ್ಚಿ, ಒಂಟಿ ಎಳೆ ಹತ್ತಿ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿ. ಕೈಯಿಂದ ಜಗ್ಗಿದರೆ ಹರಿಯಬೇಕು. ಉಣ್ಣೆಯ ಗೊಂಡೆ ಮನೆಯಲ್ಲೇ ಮಾಡಬಹುದು: 7 ಸೆಂ.ಮೀ. ರಟ್ಟಿನ ಜೋಡಿ ಬಳೆಗೆ 150 ಸುತ್ತು, ಹೊರ ಅಂಚು ಕತ್ತರಿಸಿ ಎರಡು ಬಳೆಗಳ ನಡುವೆ ಕಟ್ಟಿದರಾಯಿತು. ಕಾರ ಹುಣ್ಣಿಮೆಗೆ ಎತ್ತಿನ ಕೊಂಬಿಗೆ ಕಟ್ಟುವ ಗೊಂಡೆ ಮಾತ್ರ ತಂದು ಹಚ್ಚಬೇಡಿ, ಅದರ ಹುರಿ ಎತ್ತೇ ಜಗ್ಗಿದರೂ ಹರಿಯದಂಥದ್ದು.

ಬೇಸಿಗೆಯಲ್ಲಿ ಕವರ್ ಒದ್ದೆ ಮಾಡಿ ಹಾಕಿಕೊಂಡರೆ ತಂಪಾಗುತ್ತದೆಯೇ? ಬಿಳಿ ಬಣ್ಣ ಒಳ್ಳೆಯದೇ?
— ವಿಜಯಪುರ

ಕವರ್ ತಂಪಾಗುತ್ತದೆ, ತಲೆಯಲ್ಲ. ವಿಜಯಪುರದ ಒಣ ಗಾಳಿಯಲ್ಲಿ ಒದ್ದೆ ಬಟ್ಟೆ ಚೆನ್ನಾಗಿಯೇ ಆರುತ್ತದೆ, ಮಣ್ಣಿನ ಹೂಜಿಯ ಹಾಗೆ. ಆದರೆ ತಲೆಗೂ ಬಟ್ಟೆಗೂ ನಡುವೆ ಎರಡು ಸೆಂ.ಮೀ. ಥರ್ಮಾಕೋಲ್ ಇದೆ, ಐಸ್‌ಕ್ರೀಮ್ ಡಬ್ಬಿಗೆ ಬಳಸುವ ಅದೇ ಜಾತಿಯದು. ಹೊರಗಿನ ತಂಪು ಒಳಗೆ ಬರದು, ಒಳಗಿನ ಸೆಕೆ ಹೊರಗೆ ಹೋಗದು. ಬಿಳಿ ಬಣ್ಣದ ಲಾಭವೂ ಇದೇ ಲೆಕ್ಕದಲ್ಲಿ ಸ್ವಲ್ಪವೇ. ಒದ್ದೆ ಮಾಡುವುದಾದರೆ ಕುತ್ತಿಗೆಗೆ ಸುತ್ತಿದ ಕರವಸ್ತ್ರ ಮಾಡಿ.

ತೂತಿರುವ ಹೆಲ್ಮೆಟ್ಟಿನ ಮೇಲೆ ಲೈಕ್ರಾ ಎಳೆದವರನ್ನು ನೋಡಿದ್ದೇವೆ. ದುಡ್ಡು ಕೊಟ್ಟು ಕೊಂಡ ಗಾಳಿಯನ್ನು ತಾವೇ ಮುಚ್ಚಿದಂತೆ. ಬೆವರು ಹೀರಲು ಒಳಗೆ ತೆಳು ಹತ್ತಿ ಟೋಪಿ ಸರಿ, ಆದರೆ ಅದನ್ನು ಹಾಕಿಕೊಂಡೇ ಹೆಲ್ಮೆಟ್ಟಿನ ಅಳತೆ ನೋಡಿ: ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ತಲೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಸರಿಯಬೇಕು. ದಪ್ಪ ತುರುಬು, ಮಲ್ಲಿಗೆ ದಂಡೆ ಒಳಗಿದ್ದರೆ ಈ ಅಳತೆ ಸುಳ್ಳಾಗುತ್ತದೆ, ಜಡೆ ಕೆಳಗೆ ಬಿಡಿ. ಏಪ್ರಿಲ್-ಮೇನಲ್ಲಿ ಹೆಲ್ಮೆಟ್ಟನ್ನು ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿಡಬೇಡಿ. ಆ ಕಾವಿಗೆ ಒಳಪದರ ಆಕಾರ ಕೆಡುತ್ತದೆ, ಮೇಲೆ ಕವರ್ ಇರುವುದರಿಂದ ಕಾಣುವುದೂ ಇಲ್ಲ.

ಕಿತ್ತೂರು ಉತ್ಸವದ ಮೆರವಣಿಗೆಗೆ ಕುದುರೆ ಏರುವ ಹುಡುಗರಿಗೆ ಹೆಲ್ಮೆಟ್ ಹಾಕಿಸಬೇಕೆಂದಿದ್ದೇವೆ. ರುಮಾಲು ಇಲ್ಲದೆ ಕಳೆ ಇಲ್ಲ ಎಂದು ಹಿರಿಯರ ಹಟ. ಹೆಲ್ಮೆಟ್ ಮೇಲೆ ರುಮಾಲು ಸುತ್ತಬಹುದೇ?
— ಬೈಲಹೊಂಗಲ

ಸುತ್ತಬೇಡಿ, ಹೊಲಿಸಿ. 1824ರ ಅಕ್ಟೋಬರ್ 23ರ ಗೆಲುವಿನ ನೆನಪಿನ ಮೆರವಣಿಗೆಯಲ್ಲಿ ರುಮಾಲು ಬೇಕೆನ್ನುವುದು ನ್ಯಾಯವೇ. ಆದರೆ ಎಂಟು-ಹತ್ತು ಮೀಟರ್ ಬಟ್ಟೆ ಸುತ್ತಿದರೆ ತೂಕ ಒಂದೇ ಕಡೆ ಜಗ್ಗುತ್ತದೆ, ಹೆಲ್ಮೆಟ್ ಹಿಂದಕ್ಕೆ ವಾಲಿ ಹಣೆ ಬರಿದಾಗುತ್ತದೆ. ಬಿಚ್ಚಿಕೊಂಡ ಸುತ್ತು ಕುದುರೆಯ ಕಣ್ಣಂಚಿನಲ್ಲಿ ಪಟಪಟ ಹೊಡೆಯತೊಡಗಿದರೆ ಹಲಗಿ, ಡೊಳ್ಳಿಗೆ ಬೆದರದ ಕುದುರೆಯೂ ಬೆದರೀತು. ಕುದುರೆಯ ಕಣ್ಣು ತಲೆಯ ಪಕ್ಕಕ್ಕಿರುವುದರಿಂದ ಬೆನ್ನ ಮೇಲಿನದ್ದೂ ಬಹುಪಾಲು ಕಾಣುತ್ತದೆ.

ಸಾದಾ ಲೈಕ್ರಾ ಕವರ್ ತೆಗೆದುಕೊಂಡು ಅದನ್ನು ಹೆಲ್ಮೆಟ್ಟಿಗೆ ತೊಡಿಸಿ. ಒಂದೂವರೆ ಮೀಟರ್ ತೆಳು ಮಲ್‌ಮಲ್ ಬಟ್ಟೆಯನ್ನು ಅಡ್ಡಲಾಗಿ ಮೂರು ಪಟ್ಟಿ ಮಾಡಿ ಸಡಿಲ ಹುರಿ ಹೊಸೆದು, ಸುತ್ತು ಸುತ್ತಾಗಿ ಇಟ್ಟು ಗುಂಡುಸೂಜಿ ಚುಚ್ಚಿ. ಆಮೇಲೆ ಕವರ್ ಕಳಚಿ ನಾಲ್ಕು ಸೆಂ.ಮೀ.ಗೊಂದು ಕೈಹೊಲಿಗೆ ಹಾಕಿ, ಸೂಜಿಗಳನ್ನು ಎಣಿಸಿ ತೆಗೆಯಿರಿ. ಎಷ್ಟು ಚುಚ್ಚಿದಿರಿ ಎಂದು ಮೊದಲೇ ಬರೆದಿಟ್ಟಿರಿ. ಲೈಕ್ರಾ ಹಿಗ್ಗಲಿಕ್ಕೆ ಹೊಲಿಗೆಗಳ ನಡುವೆ ಎಡೆ ಇರಬೇಕು, ಇಲ್ಲವಾದರೆ ಮರುದಿನ ತೊಡಿಸುವಾಗ ಹರಿಯುತ್ತದೆ. ಇಳಿಬಿಟ್ಟ ಸೆರಗು ಒಂದು ಗೇಣು ಮೀರದಿರಲಿ. ಕಿವಿ ಮುಚ್ಚಬಾರದು, ಗಲ್ಲದ ಪಟ್ಟಿ ಮೇಲೆ ಏನೂ ಬರಬಾರದು. ತುರಾಯಿ ಬೇಕಾದರೆ ಬಟ್ಟೆಯದು, ತಂತಿಯದಲ್ಲ.

ಕುದುರೆಗಾಡಿ ಓಟದಲ್ಲಿ ಬೈಕ್ ಹೆಲ್ಮೆಟ್ಟಿಗೆ ಬಣ್ಣದ ಕವರ್ ಹಾಕಿ ಓಡಿಸುತ್ತೇವೆ. ಸರಿಯೇ?
— ಮುಧೋಳ

ಬರಿ ತಲೆಗಿಂತ ಮೇಲು. ಆದರೆ ಭಾರತದ ಮಾನಕವಾದ ಐಎಸ್ 4151ರ ಮುದ್ರೆಯ ಬೈಕ್ ಹೆಲ್ಮೆಟ್ ಪರೀಕ್ಷೆಯಾದದ್ದು ರಸ್ತೆಗೆ, ಕುದುರೆಯ ಗೊರಸಿಗಲ್ಲ. ಮುಖ ಪೂರ್ತಿ ಮುಚ್ಚುವ ಜಾತಿಯದಾದರೆ ಕೆಳಗಿನ ಲಗಾಮು ಕಾಣದು, ಪಕ್ಕದ ಗಾಡಿಯ ಸದ್ದು ಕೇಳದು. ಸವಾರಿಯ ಹೆಲ್ಮೆಟ್ ಕೊಳ್ಳುವಾಗ ಒಳಗಿನ ಚೀಟಿಯಲ್ಲಿ ಪಿಎಎಸ್ 015, ವಿಜಿ1 01.040 ಅಥವಾ ಎಎಸ್‌ಟಿಎಂ ಎಫ್1163 ಎಂಬ ಸುರಕ್ಷತಾ ಮಾನಕದ ಹೆಸರು ಇದೆಯೇ ನೋಡಿ. ಕವರ್ ನಿಲ್ಲಲಿ ಎಂದು ಗೋಂದು, ಪೇಂಟ್, ತಿನ್ನರ್ ಹಚ್ಚಬೇಡಿ, ಚಿಪ್ಪಿನ ಪ್ಲಾಸ್ಟಿಕ್ಕನ್ನೂ ಒಳಪದರವನ್ನೂ ಅದು ತಿನ್ನುತ್ತದೆ.

ಮಳೆಗಾಲದಲ್ಲಿ ಕವರಿಗೆ ಬೂಷ್ಟು, ನಾತ. ಬಿಳಿ ಪಟ್ಟೆಗೆ ಕೆಂಪು ಬಣ್ಣವೂ ಹತ್ತಿದೆ.
— ಖಾನಾಪುರ

ಒದ್ದೆ ಕವರನ್ನು ಹೆಲ್ಮೆಟ್ ಮೇಲೇ ಬಿಟ್ಟಿರುತ್ತೀರಿ. ಸವಾರಿ ಮುಗಿದ ಕೂಡಲೇ ಕಳಚಿ, ಹೆಲ್ಮೆಟ್ ಬೇರೆ, ಕವರ್ ಬೇರೆ ನೆರಳಿನ ಗಾಳಿಗೆ ಹಾಕಿ. ತಣ್ಣೀರು, ಸೌಮ್ಯ ಸೋಪು, ಕೈತೊಳೆತ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಬ್ಲೀಚ್ ಹಾಕಿದರೆ ಲೈಕ್ರಾದ ಬಿಗಿ ಹೋಗುತ್ತದೆ. ಹತ್ತಿದ ಕೆಂಪು ಇನ್ನು ಹೋಗದು. ಮುಂದಿನ ಸಲ ಹೊಸ ಕವರಿನ ಒಳ ಅಂಚನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಬೇರೆಯಾಗಿ ತೊಳೆಯಿರಿ.

ಕವರ್ ಕಳಚಿದಾಗಲೇ ಚಿಪ್ಪಿನ ಮೇಲೆ ಬೆರಳಾಡಿಸಿ. ಕೂದಲೆಳೆಯ ಬಿರುಕು, ಒತ್ತಿದರೆ ಮೆತ್ತಗಾಗುವ ಜಾಗ ಸಿಕ್ಕರೆ ಆ ಹೆಲ್ಮೆಟ್ ಮುಗಿಯಿತು. ಜೋರಾಗಿ ತಲೆಯೂರಿ ಬಿದ್ದಿದ್ದರೆ ಬಿರುಕು ಕಾಣದಿದ್ದರೂ ಮುಗಿಯಿತು, ಒಳಪದರ ಒಮ್ಮೆ ಕುಸಿದರೆ ಮತ್ತೆ ಏಳುವುದಿಲ್ಲ. ಕವರನ್ನು ಹೊಸದಕ್ಕೆ ಹಾಕಿಕೊಳ್ಳಿ.