ಹೊಲದ ಮಾತು ಒಂದು ತಿಂಗಳು ಬೇಡ

(ಗುರುತಿನ ವಿವರಗಳನ್ನು ಬದಲಿಸಿದ್ದೇನೆ.)

ಬೈಲಹೊಂಗಲ ಕಡೆಯ ಕಬ್ಬು ಬೆಳೆಗಾರರ ಮಗ, ವಯಸ್ಸು 19. ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ, ಕೊನೆಯ ವರ್ಷ. ಹದಿನೈದು ದಿನದಿಂದ ವರ್ಕ್‌ಶಾಪಿಗೆ ಹೋಗಿಲ್ಲ, ಅರ್ಧ ಊಟಕ್ಕೇ ಏಳುತ್ತಾನೆ ಎಂದು ಅಪ್ಪ ನನ್ನ ಬಳಿ ಆಪ್ತಸಲಹೆಗೆ ಕರೆತಂದರು. “ಕಲಿಯೂದು ಆಗದಿದ್ರ ಬಿಡ್ಲಿ ಮೇಡಂ, ಹೊಲಾ ಐತಿ ನಮ್ದು” ಎಂದರು. ಹುಡುಗ ತಲೆ ಇನ್ನಷ್ಟು ತಗ್ಗಿಸಿದ. ಅಪ್ಪನನ್ನು ಚಹಾಕ್ಕೆ ಕಳಿಸಿದೆ.

ಸಿಎನ್‌ಸಿ ಲೇಥ್ ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹ ಕಡೆಯುವ ಯಂತ್ರ. ಅದರಲ್ಲಿ ಟೂಲ್ ಜಾಬಿಗೆ, ಅಂದರೆ ಕಡೆಯಬೇಕಾದ ತುಂಡಿಗೆ, 2 ಮಿ.ಮೀ. ಇರುವಾಗ ನಿಲ್ಲಬೇಕಿತ್ತಂತೆ. ಇವನು ಪ್ರೋಗ್ರಾಮಿನಲ್ಲಿ ‘ಜಿ00 ಝಡ್2’ (ಪೂರಾ ವೇಗದಲ್ಲಿ 2ರ ತನಕ ಹೋಗು) ಎಂದು ಬರೆದ, 2ರ ಪಕ್ಕ ಚುಕ್ಕಿ ಇಡಲಿಲ್ಲ. ಆ ಕಂಟ್ರೋಲರ್ ಚುಕ್ಕಿಯಿಲ್ಲದ ಅಂಕಿಯನ್ನು ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು) ಎಂದೇ ಓದುತ್ತದೆ, 2 ಮಿ.ಮೀ. ಹೋಗಿ 0.002 ಆಯಿತು. ಫೇಸಿಂಗ್, ಅಂದರೆ ತುಂಡಿನ ಮುಖ ಸಮ ಮಾಡುವ ಕೆಲಸ, ಇನ್ನೂ ಆಗಿರಲಿಲ್ಲ, ಹೆಚ್ಚಿನ ಲೋಹ ಮುಂದೆ ಚಾಚಿತ್ತು. ಟೂಲ್ ಪೂರಾ ವೇಗದಲ್ಲಿ ಹೋಗಿ ಬಡಿಯಿತು. ಟೂಲಿನ ತುದಿಯ ಇನ್ಸರ್ಟ್ ಪುಡಿಯಾಯಿತು, ಅದನ್ನು ಹಿಡಿದಿದ್ದ ಹೋಲ್ಡರ್ ಸೊಟ್ಟಾಯಿತು.

“ಅದಕ್ಕ ಅಂಜಿಲ್ರೀ ಮೇಡಂ. ಸರ್ ಎಲ್ಲಾರ ಮುಂದ ‘ಹೊಲಕ್ಕ ಹೋಗ್ಲೇ’ ಅಂದ್ರು.”

ಅಪ್ಪ ಸಮಾಧಾನಕ್ಕೆಂದು ಆಡುತ್ತಿದ್ದದ್ದೂ ಅದೇ ಮಾತು. ಇದು ಹೊಳೆಯುವ ಮೊದಲು ನಾನೂ “ಆದದ್ದು ಆಯಿತು, ಮರೆತುಬಿಡು” ಎಂದಿದ್ದೆ. ಸುಮ್ಮನೆ ಹೇಳಿದ್ದು, ಪ್ರಯೋಜನವಾಗಲಿಲ್ಲ.

ಆಮೇಲೆ ದಾರಿ ಬದಲಿಸಿ, ಜೂನಿಯರ್ ಹುಡುಗನಿಗೆ ಈ ತಪ್ಪಾಗದ ಹಾಗೆ ಹೇಗೆ ಕಲಿಸುತ್ತೀ ಎಂದು ಕೇಳಿದೆ. ಇಪ್ಪತ್ತು ನಿಮಿಷ ತಡವರಿಸದೆ ಹೇಳಿದ: ಮೊದಲು ಸ್ಕ್ರೀನಿನ ಗ್ರಾಫಿಕ್ಸ್‌ನಲ್ಲಿ ಓಡಿಸಬೇಕು, ಜಾಬ್ ಕಟ್ಟದೆ ಡ್ರೈ ರನ್, ಆಮೇಲೆ ಸಿಂಗಲ್ ಬ್ಲಾಕ್, ರ‍್ಯಾಪಿಡ್ ಶೇ. 25ಕ್ಕೆ ಇಳಿಸಿ, ಬೆರಳು ಫೀಡ್ ಹೋಲ್ಡ್ ಬಟನ್ ಮೇಲೆ. ನನಗೆ ಅರ್ಧ ಅರ್ಥವಾಗಲಿಲ್ಲ. ಇವನಿಗೆ ಕೆಲಸ ಬರುತ್ತದೆ ಎಂಬುದು ಮಾತ್ರ ಅರ್ಥವಾಯಿತು.

ಸಲಹೆ ಇಷ್ಟೇ ಕೊಟ್ಟೆ. ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಆ ಸರ್ ಕೈಗೆ ಕೊಡು. ಬ್ಯಾಚ್ ಇಲ್ಲದ ಹೊತ್ತಿನಲ್ಲಿ ಅವರ ಎದುರೇ ಅದೇ ಪ್ರೋಗ್ರಾಮ್ ಓಡಿಸು. ಉದ್ಯಮಬಾಗದ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ನಿನ್ನ ಸೀನಿಯರ್‌ಗೆ, ನೀನೂ ಟೂಲ್ ಬಡಿಸಿದ್ದೆಯಾ ಎಂದು ಕೇಳು. ರಾತ್ರಿ ತೀರಾ ಭಾರ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡು. ಎರಡು ವಾರದಲ್ಲಿ ಊಟ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣೋಣ. ಅಪ್ಪನಿಗೆ: ಒಂದು ತಿಂಗಳು ಮಗನ ಮುಂದೆ ಹೊಲದ ಸುದ್ದಿ ತೆಗೆಯಬೇಡಿ.

ಮುಂದಿನ ಸಲ ಹುಡುಗ ಒಬ್ಬನೇ ಬಂದ. ಸರ್ ತಪ್ಪಾಯಿತು ಎನ್ನಲಿಲ್ಲವಂತೆ. ಹಾಳೆ ಓದಿ, “ಆಫ್‌ಸೆಟ್ ಚೆಕ್ ಮಾಡೂದು ಬಿಟ್ಟೀಯಲ್ಲೋ” ಎಂದು ಕೆಳಗೆ ಒಂದು ಸಾಲು ಸೇರಿಸಿದರಂತೆ. ಸೀನಿಯರ್ ಬಡಿಸಿದ್ದು ಮೂರು ಸಲ.

ತಿಂಗಳು ತುಂಬಿದ ದಿನ ಅಪ್ಪನ ಫೋನ್ ಬಂತು. “ಮೇಡಂ, ಈಗರ ಮಾತಾಡಬಹುದೇನ್ರಿ? ಕಬ್ಬು ಕಟಾವಿಗೆ ಬಂದೈತಿ.”